ಬೀಮು ಪುಣೆಯಲ್ಲಿ, ಡಿಸೈನರ್ ಬೆಂಗಳೂರಿನಲ್ಲಿ

ನಮ್ಮ ಸೈಟು ಪುಣೆಯ ಹಿಂಜವಡಿಯಲ್ಲಿ. ಆರ್ಕಿಟೆಕ್ಟ್ ಮುಂಬೈನವರು, ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಬೆಂಗಳೂರಿನವರು, ಕಂಬಿ ಕಟ್ಟುವವರು ಯಾದಗಿರಿ ಕಡೆಯವರು, ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್‌ನವರು ಬಿಹಾರದವರು. ಎಲ್ಲರ ಕೈಲೂ ಫೋನಿದೆ, ವಾಟ್ಸಾಪ್ ಗ್ರೂಪುಗಳಿಗಂತೂ ಲೆಕ್ಕವೇ ಇಲ್ಲ. ಆದರೂ ಉತ್ತರಕ್ಕೆ ಕಾದು ಕೆಲಸ ನಿಲ್ಲುತ್ತಿತ್ತು. ಪ್ಲಾನಿಂಗ್ ನೋಡಿಕೊಳ್ಳುವವನಾಗಿ ಹಳೆಯ ಮೇಲ್‌ಗಳನ್ನು ಓದುತ್ತ ಕೂತಾಗ ಕಂಡಿದ್ದಿಷ್ಟು: ಬಹುಪಾಲು ತಡ ಶುರುವಾಗುವುದು ನಾವು ಪ್ರಶ್ನೆ ಬರೆಯುವ ರೀತಿಯಿಂದಲೇ.

‘ಸರ್, ಬೀಮಲ್ಲಿ ಸ್ಲೀವ್ ಬಿಡಬಹುದಾ?’ ಎಂದು, ಅಂದರೆ ಪೈಪ್ ಹಾಯಲು ತೂತು ಬಿಡಬಹುದಾ ಎಂದು, ಕೇಳಿದರೆ ಅತ್ತಲಿಂದ ಮರುಪ್ರಶ್ನೆ ಬರುತ್ತದೆ. ಯಾವ ಮಹಡಿ? ಯಾವ ಬೀಮು? ಪೈಪ್ ಎಷ್ಟು? ಒಂದೊಂದಕ್ಕೂ ಅರ್ಧ ದಿನ. ಈಗ ಆರ್‌ಎಫ್‌ಐ (ಡಿಸೈನರ್‌ಗೆ ಮಾಹಿತಿ ಕೇಳಿ ಕಳಿಸುವ ಪತ್ರ) ಹೀಗೆ ಬರೆಸುತ್ತೇನೆ: ‘ಟವರ್ ಬಿ, 7ನೇ ಮಹಡಿ, ಗ್ರಿಡ್ ಸಿ4–ಸಿ5 ಬೀಮು, ಡ್ರಾಯಿಂಗ್ ರಿವಿಷನ್ ಆರ್3. ಪ್ಲಂಬಿಂಗ್‌ನವರ 110 ಮಿಮೀ ಪೈಪು ಕಾಲಮ್ ಮುಖದಿಂದ 400 ಮಿಮೀಗೆ ಬರುತ್ತದೆ. ಅದನ್ನು ನಡುವಿನತ್ತ ಸರಿಸಿ 1500ಕ್ಕೆ, ಬೀಮಿನ ಅರ್ಧ ಎತ್ತರದಲ್ಲಿ ಬಿಡಬಹುದೇ? ಗುರುವಾರ ಕಾಂಕ್ರೀಟ್. ಬುಧವಾರ ಮಧ್ಯಾಹ್ನದೊಳಗೆ ತಿಳಿಸಿ.’ ಕಾಲಮ್ ಹತ್ತಿರ ಶಿಯರ್ (ಬೀಮನ್ನು ಕತ್ತರಿಸುವಂಥ ಬಲ) ಹೆಚ್ಚು, ಅಲ್ಲಿ ತೂತು ಬಿಡಲು ಯಾವ ಡಿಸೈನರೂ ಸುಲಭಕ್ಕೆ ಒಪ್ಪುವುದಿಲ್ಲ. ನಾವೇ ಒಂದು ಜಾಗ ಸೂಚಿಸಿದರೆ ಅವರು ಲೆಕ್ಕ ಹಾಕಿ ಹೂಂ ಅಥವಾ ಊಹೂಂ ಎಂದರಾಯಿತು. ಒಂದು ಆರ್‌ಎಫ್‌ಐಗೆ ಒಂದೇ ಪ್ರಶ್ನೆ. ಮೂರು ತುರುಕಿದರೆ ಸುಲಭದ್ದಕ್ಕೆ ಉತ್ತರ ಬಂದು ಕಷ್ಟದ್ದು ಹಾಗೇ ಉಳಿಯುತ್ತದೆ.

ಕನ್ಸಲ್ಟೆಂಟ್‌ಗೆ ಗಡುವು ಹಾಕಲು ನಮ್ಮ ಹುಡುಗರಿಗೆ ಮುಜುಗರ. ಆದರೆ ಕಾಂಕ್ರೀಟ್ ಕಾಯುವುದಿಲ್ಲ. ರೆಡಿಮಿಕ್ಸ್ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 4926ರ ಪ್ರಕಾರ ಅದನ್ನು ಲಾರಿಗೆ ತುಂಬಿದ ಮೇಲೆ ಸಾಮಾನ್ಯವಾಗಿ 2 ಗಂಟೆಯೊಳಗೆ ಇಳಿಸಬೇಕು. ಹಿಂಜವಡಿಯ ಟ್ರಾಫಿಕ್ಕೇ ಅದರಲ್ಲಿ ಎಷ್ಟು ತಿನ್ನುತ್ತದೆಂದು ಇಲ್ಲಿ ಓಡಾಡಿದವರಿಗೆ ಗೊತ್ತು. ಪಂಪ್ ಶುರುವಾದ ಮೇಲೆ ಸಂಶಯ ಕೇಳುವುದಕ್ಕಿಂತ ಎರಡು ದಿನ ಮುಂಚೆ ನಿಷ್ಠುರವಾಗುವುದು ಮೇಲು.

ಫೋಟೋ ಕಳಿಸುವಾಗ ಮೊದಲು ಕಾಲಮ್ ಮೇಲಿನ ಗ್ರಿಡ್ ನಂಬರು, ಆಮೇಲೆ ಟೇಪ್ ಹಿಡಿದ ಜಾಗ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಅಳತೆಯ ಅಂಕಿ ಮಸುಕಾಗುವುದರಿಂದ ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು.

ಬೆಂಗಳೂರಿನವರ ಜೊತೆ ಕನ್ನಡದಲ್ಲಿ ಫೋನ್ ಮಾಡಿದರೆ ಐದು ನಿಮಿಷದಲ್ಲಿ ಎಲ್ಲ ಇತ್ಯರ್ಥ. ಅನುಕೂಲವೇ, ಆದರೆ ಮುಂಬೈನ ಆರ್ಕಿಟೆಕ್ಟ್‌ಗೂ ನಮ್ಮ ಮರಾಠಿ ಕಂಟ್ರಾಕ್ಟರ್‌ಗೂ ಆ ಮಾತು ನಡೆದದ್ದೇ ತಿಳಿಯುವುದಿಲ್ಲ. ಅದಕ್ಕೇ ಫೋನ್ ಇಟ್ಟ ಕೂಡಲೇ ಎಲ್ಲರಿಗೂ ಎರಡು ಸಾಲಿನ ಇಂಗ್ಲಿಷ್ ಮೇಲ್: ಇಂಥದ್ದು ಮಾತಾಯಿತು, ಇಂಥದ್ದು ಬದಲು. ಅದಕ್ಕೆ ಡಿಸೈನರ್ ‘ಓಕೆ’ ಎನ್ನುವ ತನಕ ಸೈಟಿನಲ್ಲಿ ಏನೂ ಬದಲಾಗುವುದಿಲ್ಲ. ಇದು ಅಪನಂಬಿಕೆ ಎಂದು ಮುನಿಸಿಕೊಂಡವರೂ ಇದ್ದಾರೆ. ಇರಲಿ.

ಇಷ್ಟೆಲ್ಲ ಆಗಿ ಉತ್ತರ ಬಂದರೂ ಕಂಬಿ ಕಟ್ಟುವವನು ಮೇಲ್ ಓದುವುದಿಲ್ಲವಲ್ಲ. ಸ್ಕೆಚ್ಚನ್ನು ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು, ಹಳೆಯದನ್ನು ಕಿತ್ತುಕೊಂಡೇ ಹೊಸದು ಕೊಡುತ್ತೇವೆ. ಕಾಂಕ್ರೀಟ್ ಹಾಕುವ ಮುನ್ನ ಸಹಿ ಮಾಡುವ ಪೋರ್ ಕಾರ್ಡಿನಲ್ಲಿ ರಿವಿಷನ್ ನಂಬರಿಗೂ ಒಂದು ಸಾಲು ಸೇರಿಸಿದ್ದೇವೆ. ಕೊಟ್ಟ ಮೇಲೆ ಮೇಸ್ತ್ರಿಯನ್ನೇ ಕೇಳುತ್ತೇನೆ, ‘ಯಜಮಾನ್ರೇ, ಏನು ಬದಲಾಗಿದೆ ಹೇಳಿ.’ ‘ಪೈಪು ಈ ಕಡಿ ಸರದದರೀ ಸರ್, ತೂತಿನ ಎರಡೂ ಬಾಜು ರಿಂಗು ಹತ್ರ ಹತ್ರ ಹಾಕ್ಬೇಕು’ ಎಂದು ಬೆರಳಿಟ್ಟು ತೋರಿಸಿದ ಮೇಲೆಯೇ ನನ್ನ ಸಹಿ. ಸೆಂಟ್ರಿಂಗ್‌ನವರ ಹತ್ತಿರ ಇದೇ ಕೆಲಸವನ್ನು ನಮ್ಮ ಮರಾಠಿ ಸೂಪರ್‌ವೈಸರ್ ಮಾಡುತ್ತಾರೆ. ನನ್ನ ಹಿಂದಿಗಿಂತ ಅವರದು ವಾಸಿ.