ಅರ್ಧಕ್ಕೆ ಬಿಟ್ಟ ಕೆಲಸ ಬೇರೆಯವರ ಕೈಲಿ ಮುಗಿಸಿ, ಹೆಚ್ಚಿಗೆ ಹೋದ ರೊಕ್ಕ ವಸೂಲು ಮಾಡಿದ ಬಗೆ

ಕರಾರು ಮುರಿದರೆ ನಮ್ಮ ಕಲಬುರಗಿಯ ದಾಲ್ ಮಿಲ್ ಮಂದಿ ಮೊದಲು ಹೋಗುವುದು ಠಾಣೆಗೆ. ಅಲ್ಲಿ ‘ಇದು ಸಿವಿಲ್ ವ್ಯವಹಾರ’ ಎಂದು ವಾಪಸ್ ಕಳಿಸುತ್ತಾರೆ. ಕರಾರು ಮಾಡುವಾಗಲೇ ಮೋಸದ ಉದ್ದೇಶವಿತ್ತು ಎಂದು ತೋರಿಸಲಾಗದಿದ್ದರೆ ವಂಚನೆ ಕೇಸು ನಿಲ್ಲುವುದಿಲ್ಲ. ಇನ್ನೊಂದು, ಅಡ್ವಾನ್ಸ್ ವಾಪಸ್ ಕೇಳುವ ದಾವೆ. ಡಿಸೆಂಬರಿಗೆ ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರುವಾಗ ಶೆಡ್ಡು ಅರ್ಧ ನಿಂತಿದ್ದರೆ, ದಾವೆ ಮುಗಿಯುವ ತನಕ ಯಾರು ಕಾಯುತ್ತಾರೆ?

ನನ್ನ ಮಿಲ್ಲಿನ ಕೆಲಸ ಅರ್ಧಕ್ಕೆ ಬಿಟ್ಟ ಫ್ಯಾಬ್ರಿಕೇಟರ್ (ಶೆಡ್ಡು, ಯಂತ್ರ ಕೂಡಿಸಿಕೊಡುವ ಗುತ್ತಿಗೆದಾರ) ಮೇಲೆ ನಾನು ಹಿಡಿದದ್ದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 20ನೇ ಕಲಂ. 2018ರ ತಿದ್ದುಪಡಿಯಲ್ಲಿ ಈ ಕಲಮನ್ನೇ ಹೊಸದಾಗಿ ಬರೆದಿದ್ದಾರೆ: ನೋಟಿಸ್ ಕೊಡು, ಮಾಡದಿದ್ದರೆ ಬೇರೆಯವರಿಂದ ಮಾಡಿಸು, ತಗುಲಿದ ಖರ್ಚು ಮುರಿದವನಿಂದ ತಗೋ. ‘ಬೇರೆಯವರ ಕೈ ಹಚ್ಚಿದರ ನಿಮ್ಮ ಕ್ಲೇಮೇ ಹೋಗ್ತದರಿ’ ಎಂದವರು ಬಹಳ ಮಂದಿ, ಅದರಲ್ಲಿ ವಕೀಲರೂ ಇದ್ದರು. ಹೋಗಲಿಲ್ಲ.

ಲೆಕ್ಕ ಅಂದಾಜು ಹೀಗಿತ್ತು. ಶೆಡ್ಡು, ಕಾಳು ಮೇಲಕ್ಕೆತ್ತುವ ನಾಲ್ಕು ಎಲಿವೇಟರ್, ರೋಲರ್ ಕೂಡಿಸುವುದು ಸೇರಿ ಕರಾರು 14 ಲಕ್ಷದ ಆಸುಪಾಸು. ಬ್ಯಾಂಕಿನಿಂದ 9 ಲಕ್ಷ ಹೋಗಿತ್ತು. ಗಡಿಯಾಚೆಯ ಫ್ಯಾಬ್ರಿಕೇಟರ್ ಕೈಬಿಟ್ಟ ಮೇಲೆ ಇಲ್ಲಿನವರು ಎಂಟೂವರೆ ಲಕ್ಷಕ್ಕೆ ಮುಗಿಸಿದರು. ಹೇಗಿದ್ದರೂ ಕೊಡಬೇಕಿದ್ದ 5 ಲಕ್ಷ ಕಳೆದರೆ ಹೆಚ್ಚಿಗೆ ಬಿದ್ದದ್ದು ಮೂರೂವರೆ. ಕೆಲಸದ ಖರ್ಚಿನ ಕ್ಲೇಮು ಅಷ್ಟೇ. ಕೊಟ್ಟ 9 ಲಕ್ಷವನ್ನೂ ಇದರ ಜೊತೆ ಕೇಳಿದರೆ ಮೊದಲ ದಿನವೇ ಲೆಕ್ಕ ಬಿದ್ದುಹೋಗುತ್ತದೆ.

ಇಡೀ ಆಟ ನೋಟಿಸಿನಲ್ಲಿದೆ. ಕಾಯ್ದೆ ಕೇಳುವುದು ಕನಿಷ್ಠ 30 ದಿನ. ನಾನು ಕೊಟ್ಟದ್ದು 40, ಅಂಚೆಯಲ್ಲಿ ಹೋಗುವ ದಿನಕ್ಕೂ ಜಾಗ ಬೇಕು. ‘ಉಳಿದ ಕೆಲಸ ಮುಗಿಸಿ’ ಎಂದಷ್ಟೇ ಬರೆದರೆ ಸಾಲದು. ಎರಡು ಎಲಿವೇಟರ್‌ಗೆ ಬೆಲ್ಟ್, ಬಕೆಟ್ ಬಂದಿಲ್ಲ. ಪೂರ್ವದ ಗೋಡೆ ಕಡೆ ಇಷ್ಟು ಶೀಟು ಹಾಕಿಲ್ಲ. ರೋಲರ್ ಫೌಂಡೇಶನ್ನಿನಲ್ಲಿ ಬೋಲ್ಟ್ ಕೂಡಿಸಿಲ್ಲ ಎಂದು ಕರಾರಿನ ಐಟಂ ನಂಬರಿನ ಸಮೇತ ಬರೆಸಿದೆ. ಕರಾರಿನ ವಿಳಾಸ, ಜಿಎಸ್‌ಟಿ ವಿಳಾಸ ಎರಡಕ್ಕೂ ಸ್ವೀಕೃತಿ ಚೀಟಿ ಹಚ್ಚಿ ಅಂಚೆ. ‘ರಿಫ್ಯೂಸ್ಡ್’ ಎಂದು ತಿರುಗಿ ಬಂದ ಲಕೋಟೆ ಒಡೆಯಬಾರದು, ಅದು ಸಾಕ್ಷಿ. ನೋಟಿಸಿನ ಕೊನೇ ಪ್ಯಾರಾದಲ್ಲಿ ನಾನು ಸೇರಿಸಿದ ಎರಡು ಸಾಲು ಇಲ್ಲಿ ಬರೆಯುವುದಿಲ್ಲ; ಆತ ಮಾತಿಗೆ ಬಂದದ್ದೇ ಅದರಿಂದ.

ಆ ಅವಧಿಯಲ್ಲಿ ಒಂದು ಬೋಲ್ಟ್ ಕೂಡ ಮುಟ್ಟಿಸಬಾರದು. ದಿನ ಮುಗಿಯುವ ಮೊದಲೇ ಬೇರೆಯವರನ್ನು ಇಳಿಸಿದರೆ 20ನೇ ಕಲಂ ಕೈಬಿಟ್ಟಂತೆ. 1872ರ ಕರಾರು ಕಾಯ್ದೆಯ 73ನೇ ಕಲಮಿನಡಿ ನಷ್ಟ ಸಾಬೀತು ಮಾಡುತ್ತ ಕೂಡಬೇಕು. ಆತನ ವೆಲ್ಡಿಂಗ್ ಸೆಟ್ಟು ಒಳಗಿಟ್ಟು ಕೀಲಿ ಹಾಕುವುದೂ ಬೇಡ, ಕಂಪ್ಲೇಂಟ್ ನಿಮ್ಮ ಮೇಲೇ ಆಗುತ್ತದೆ. ಈ ದಿನಗಳಲ್ಲಿ ಮೂರು ಕೊಟೇಶನ್ ತರಿಸಿ, ಚಾರ್ಟರ್ಡ್ ಎಂಜಿನಿಯರ್ ಕಡೆಯಿಂದ ಅಳತೆ ವರದಿ ಬರೆಸಿ.

ಮುಗಿಸುವುದೂ ಪೂರ್ತಿ ಮುಗಿಸಬೇಕು. ಕೊಟೇಶನ್ ತೋರಿಸಿ ರೊಕ್ಕ ಕೇಳಿದರೆ ಸಿಗದು, ಕೆಲಸ ಆಗಿ ಖರ್ಚು ನಿಜವಾಗಿ ಬಿದ್ದಿರಬೇಕು. ಅಲ್ಲಿಗೆ ಬಂದ ಮೇಲೆ ‘ಆತನೇ ಮಾಡಿಕೊಡಲಿ’ ಎಂಬ ಹಕ್ಕು ಹೋಗುತ್ತದೆ, ನಷ್ಟ ಕೇಳುವ ಹಕ್ಕು ಉಳಿಯುತ್ತದೆ. ರೋಲರಿಗೆ ಕರಾರಿಗಿಂತ ದೊಡ್ಡ ಮೋಟಾರು ಬೇಕೆನಿಸಿತು. ಅದರ ಬಿಲ್ಲನ್ನೇ ಬೇರೆ ಮಾಡಿಸಿ ಕ್ಲೇಮಿನ ಹೊರಗಿಟ್ಟೆ. ಅದನ್ನೂ ಸೇರಿಸಿದ್ದರೆ ಉಳಿದ ಬಿಲ್ಲುಗಳ ಮೇಲೂ ಅನುಮಾನ ಬರುತ್ತಿತ್ತು.

ಆತನ ಜೊತೆ ವಾಟ್ಸಾಪ್‌ನಲ್ಲಿ ಆದ ಮಾತುಗಳನ್ನೂ ಸಾಕ್ಷಿಗೆ ಸಿದ್ಧ ಮಾಡಿದೆ. ಬರೀ ಪ್ರಿಂಟ್ ನಡೆಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಹ್ಯಾಶ್ ಮೌಲ್ಯದ (ಫೈಲು ಬದಲಾಗಿಲ್ಲ ಎಂದು ತೋರಿಸುವ ಗುರುತು) ಸಮೇತ, ನಿಮ್ಮದೊಂದು ಭಾಗ, ತಜ್ಞರದೊಂದು. ಮಾಡಿಸಿಟ್ಟೆ, ಹೊರಗೆ ತೆಗೆಯುವ ಪ್ರಸಂಗ ಬರಲಿಲ್ಲ. ಹಳೇ ಫೋನು ಮಾತ್ರ ಮಾರಬೇಡಿ. ಕರಾರು ಸರಿಯಾದ ಛಾಪಾ ಕಾಗದದ ಮೇಲಿದೆಯೇ ಎಂದೂ ನೋಡಿಕೊಳ್ಳಿ. ಕಡಿಮೆ ಬಿದ್ದರೆ ಕೋರ್ಟಿನಲ್ಲಿ ಹತ್ತು ಪಟ್ಟು ದಂಡ. ಕರಾರಿನಲ್ಲಿ ಆರ್ಬಿಟ್ರೇಶನ್ ಕಲಂ (ಕೋರ್ಟಿನ ಬದಲು ಪಂಚರು ತೀರ್ಪು ಕೊಡುವುದು) ಇದ್ದರೆ ಮುಂದಿನ ದಾರಿ ಬೇರೆ.

ಕೆಲಸ ಇಲ್ಲೇ ನಡೆದದ್ದರಿಂದ ಆತನ ಊರಿಗೆ ಹೋಗಬೇಕಿರಲಿಲ್ಲ. 3 ಲಕ್ಷ ದಾಟಿದ ವಾಣಿಜ್ಯ ವಿವಾದಕ್ಕೆ, ತುರ್ತು ತಡೆಯಾಜ್ಞೆ ಬೇಡದಿದ್ದರೆ, ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ಇದನ್ನು ಹೇಳುವ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಂ ದಾಟಿ ನೇರ ಹಾಕಿದ ದಾವೆ ತಿರಸ್ಕಾರವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿಗೆ 1,000 ರೂಪಾಯಿ. 10 ಲಕ್ಷದ ಒಳಗಿನ ಕ್ಲೇಮಿಗೆ ಮಧ್ಯಸ್ಥಿಕೆ ಶುಲ್ಕ 15,000, ಇಬ್ಬರೂ ಅರ್ಧರ್ಧ. ಕೋರ್ಟ್ ಫೀ ಇಪ್ಪತ್ತು ಸಾವಿರಕ್ಕೂ ಮೇಲೆ ಆಗುತ್ತಿತ್ತು, ಅದು ಉಳಿಯಿತು.

ಆ ಸೀಸನ್ನಿನ ಜಾಬ್ ವರ್ಕ್ (ಬೇರೆಯವರ ತೊಗರಿ ಕೂಲಿಗೆ ಬೇಳೆ ಮಾಡಿಕೊಡುವುದು) ನಷ್ಟವನ್ನೂ ಅರ್ಜಿಯಲ್ಲಿ ಇಟ್ಟಿದ್ದೆ, ಬಿಟ್ಟುಕೊಡಲಿಕ್ಕೆ ಏನಾದರೂ ಬೇಕಲ್ಲ. ಅದನ್ನು ಬಿಟ್ಟು, ಸುಮಾರು 3 ಲಕ್ಷಕ್ಕೆ ಮೂರು ಕಂತು, ಚೆಕ್ಕು. ಅಲ್ಲಿ ಸಹಿಯಾದ ರಾಜಿಪತ್ರಕ್ಕೆ ಆರ್ಬಿಟ್ರೇಶನ್ ತೀರ್ಪಿನ ಬಲ, ನೇರ ಜಾರಿಗೆ ಹಾಕಬಹುದು. ಒಂದು ಕಂತು ತಪ್ಪಿದರೆ ಉಳಿದದ್ದೆಲ್ಲ ಬಡ್ಡಿ ಸಮೇತ ಆಗಲೇ ಬಾಕಿ ಎಂಬ ಸಾಲು ಬರೆಸದೆ ಸಹಿ ಹಾಕಬೇಡಿ. ಎರಡನೇ ಚೆಕ್ಕಿನ ಹೊತ್ತಿಗೆ ಆತ ವಾಯಿದೆ ಕೇಳಿದ. ಆ ಸಾಲು ತೋರಿಸಿದೆ, ನಾಲ್ಕೈದು ದಿನದಲ್ಲಿ ಖಾತೆಗೆ ಬಂತು.