ಎದೆ ಡವಗುಟ್ಟಿದಾಗ ವಾಚ್‌ನಲ್ಲಿ ಇಸಿಜಿ ಹಿಡಿಯುವುದು ಹೇಗೆ

ನಾನು ದಾವಣಗೆರೆಯ ವಿದ್ಯಾನಗರದಲ್ಲಿರುವ ನಿವೃತ್ತ ಶಿಕ್ಷಕಿ. ಎರಡು ವರ್ಷದ ಹಿಂದೆ ಬೆಳಗಿನ ಜಾವ 3 ಗಂಟೆಗೆ ಎದೆ ಡವಡವ ಅನ್ನಲು ಶುರುವಾಯಿತು. ಬೆಳಿಗ್ಗೆ ಕ್ಲಿನಿಕ್‌ಗೆ ಹೋಗಿ ಮಲಗುವಷ್ಟರಲ್ಲಿ ಎಲ್ಲ ಸರಿ. ಇಸಿಜಿ ನೋಡಿ "ಏನೂ ಇಲ್ಲಮ್ಮ, ಗ್ಯಾಸ್ ಇರಬೇಕು" ಅನ್ನುತ್ತಿದ್ದರು. ಮೂರು ಸಲ ಹೀಗೇ ಆಯಿತು. ಆಮೇಲೆ ಮಗಳು ಇಸಿಜಿ ತೆಗೆಯುವ ವಾಚ್ ತಂದುಕೊಟ್ಟಳು. ಒಂದು ರಾತ್ರಿ ಅದು ಸಿಕ್ಕೇಬಿಟ್ಟಿತು: ಏಟ್ರಿಯಲ್ ಫಿಬ್ರಿಲೇಶನ್.

ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ನಡುಗುವ ತೊಂದರೆ ಇದು. ಸರಿಯಾದ ಬಡಿತ ಒನಕೆ ಕುಟ್ಟಿದ ಹಾಗೆ. ಇದು ಭಟ್ಟಿಯ ಬಿಸಿ ಮರಳಲ್ಲಿ ಮಂಡಕ್ಕಿ ಸಿಡಿದ ಹಾಗೆ. ಆ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಬಂದು ಹೋಗುತ್ತದಲ್ವಾ ಎಂದು ಸುಮ್ನೆ ಬಿಡಬೇಡಿ.

ಮೊದಲು ನಿಮ್ಮ ವಾಚ್ ನೋಡಿಕೊಳ್ಳಿ. ಹಿಂಬದಿಯಲ್ಲಿ ಹಸಿರು ಬೆಳಕು ಮಿನುಗುವ ವಾಚ್‌ಗಳೆಲ್ಲ ಇಸಿಜಿ ತೆಗೆಯುವುದಿಲ್ಲ. ಆ ಬೆಳಕು ಚರ್ಮದಡಿಯ ರಕ್ತದ ಏರಿಳಿತ ನೋಡಿ ಬಡಿತ ಎಣಿಸುತ್ತದೆ, ಅಷ್ಟೇ. ಇಸಿಜಿಗೆ ಹೃದಯದ ವಿದ್ಯುತ್ ಅಳೆಯಬೇಕು. ಅದಕ್ಕೇ ವಾಚ್ ಒಂದು ಕೈಯಲ್ಲಿದ್ದು, ಇನ್ನೊಂದು ಕೈಯ ಬೆರಳು ಅದಕ್ಕೆ ತಾಗಬೇಕು. ಆಪಲ್ ವಾಚ್‌ನಲ್ಲಿ ಇದು 2018ರ ಸೀರೀಸ್ 4ರಿಂದ ಇದೆ, ಎಸ್‌ಇ ಮಾದರಿಯಲ್ಲಿ ಇಲ್ಲ.

ಡವಗುಟ್ಟಿದ ತಕ್ಷಣ ಕುಳಿತುಕೊಳ್ಳಿ. ನಡೆಯುತ್ತಾ ತೆಗೆಯಬೇಡಿ, ನಾನು ಕುಂದುವಾಡ ಕೆರೆ ಏರಿಯ ಮೇಲೆ ಹಾಗೆ ತೆಗೆದದ್ದೆಲ್ಲ ಬರೀ ಗೀಚು. ಕೈಯನ್ನು ಮೇಜಿನ ಮೇಲೋ ತೊಡೆಯ ಮೇಲೋ ಇಡಿ. ಎಣ್ಣೆ, ಬೆವರು ಒರೆಸಿ. ಪಟ್ಟಿ ಸಡಿಲ ಇರಬಾರದು. ಚಾರ್ಜಿಗೆ ಹಾಕಿದ ಫೋನ್, ಓಡುವ ಮಿಕ್ಸಿ ಹತ್ತಿರ ಬೇಡ. ಇಸಿಜಿ ಆ್ಯಪ್ ತೆರೆದು, ಪಕ್ಕದ ಗುಂಡಿಗೆ ಬೆರಳು ತಾಗಿಸಿ. ಒತ್ತಬೇಡಿ, ತಾಗಿದರೆ ಸಾಕು. 30 ಸೆಕೆಂಡ್ ಮಾತೂ ಬೇಡ. ಯಾವ ಕೈಗೆ ಕಟ್ಟಿದ್ದೀರಿ ಎಂಬುದು ಸೆಟ್ಟಿಂಗ್‌ನಲ್ಲಿ ಸರಿಯಾಗಿರಲಿ.

"ಸೈನಸ್ ರಿದಮ್" ಎಂದು ಬಂದರೆ ಆ 30 ಸೆಕೆಂಡ್ ತಾಳ ಸರಿ ಇತ್ತು ಎಂದರ್ಥ. "ಇನ್‌ಕನ್‌ಕ್ಲೂಸಿವ್" ಎಂದರೆ ಅದಕ್ಕೆ ತೀರ್ಮಾನಿಸಲು ಆಗಲಿಲ್ಲ, ಮತ್ತೆ ತೆಗೆಯಿರಿ. ಏನೇ ಬಂದರೂ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಹೊತ್ತಿತ್ತು, ತಲೆ ಸುತ್ತಿತಾ, ಇದನ್ನೂ ಬರೆದಿಡಿ. ನನ್ನ ಡಾಕ್ಟರ್ ಮೊದಲು ಕೇಳಿದ್ದು ಇದನ್ನೇ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ವಾಚ್ ಹಾರ್ಟ್ ಅಟ್ಯಾಕ್ ಹಿಡಿಯುವುದಿಲ್ಲ. ಎದೆ ನೋವು, ತಣ್ಣನೆ ಬೆವರು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಕೈ ಎತ್ತಲು ಆಗದಿರುವುದು, ಇಂಥದ್ದಿದ್ದರೆ ವಾಚ್ ನೋಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ವಾಚ್ ಕೊಟ್ಟ ಇಸಿಜಿ ನಂಬಿ ರಕ್ತ ತೆಳುವಾಗಿಸುವ ಮಾತ್ರೆ ನೀವೇ ಶುರು ಮಾಡಬೇಡಿ. ಡಾಕ್ಟರ್ 12 ಲೀಡ್ ಇಸಿಜಿ (ಎದೆ, ಕೈಕಾಲಿಗೆ ತಂತಿ ಹಚ್ಚಿ ತೆಗೆಯುವುದು), ಎಕೋ (ಹೃದಯದ ಸ್ಕ್ಯಾನ್), ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಾರೆ. ನನಗೆ 24 ಗಂಟೆಯ ಹೋಲ್ಟರ್, ಅಂದರೆ ದಿನವಿಡೀ ಇಸಿಜಿ ದಾಖಲಿಸುವ ಪುಟ್ಟ ಯಂತ್ರ ಕೂಡ ಕಟ್ಟಿದರು.

ವಾಚ್ ಚಾರ್ಜಿಗೆ ಹಾಕುವುದು ರಾತ್ರಿ ಊಟದ ಹೊತ್ತಿಗೆ. ಮಲಗುವಾಗ ಅದು ಕೈಯಲ್ಲೇ ಇರುತ್ತದೆ. ನನಗೆ ಬರುವುದೇ 3 ಗಂಟೆಗೆ.