ನಡುವೆ ವಿಮಾನ ಬದಲಿಸುವವರು ಗಮನಿಸಿ: ಬಳ್ಳಾರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ತೋರಣಗಲ್ಲಿನ ಕಾರ್ಖಾನೆಗೋ ಸಂಡೂರಿನ ಗಣಿಗೋ ಕೆಲಸಕ್ಕೆ ಬಂದು ಇಲ್ಲಿ ಮನೆ ಮಾಡಿದವರು ಸಂಘಕ್ಕೆ ಬಂದಾಗ ಮೊದಲು ಕೇಳುವುದು ಶಾಲೆ, ಗ್ಯಾಸ್, ನೀರಿನ ವಿಷಯ. ಸ್ವಲ್ಪ ದಿನ ಕಳೆದ ಮೇಲೆ ವಿದೇಶ ಪ್ರಯಾಣದ ಮಾತು ಬರುತ್ತದೆ. ಮಗಳು ಅಮೆರಿಕದಲ್ಲಿ, ಬಾಣಂತನಕ್ಕೆ ಅಮ್ಮ ಹೊರಡಬೇಕು. ದಾರಿಯಲ್ಲಿ ಎಲ್ಲೋ ಇಳಿದು ಇನ್ನೊಂದು ವಿಮಾನ ಹತ್ತಬೇಕು. ತಲುಪುವ ದೇಶದ ನಿಯಮವನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ನಡುವಿನ ದೇಶದ್ದನ್ನು ಯಾರೂ ನೋಡುವುದಿಲ್ಲ. ತೊಂದರೆ ಶುರುವಾಗುವುದು ಅಲ್ಲೇ.

ಟಿಕೆಟ್‌ನಿಂದ ಶುರು ಮಾಡಿ. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಸಾಮಾನ್ಯವಾಗಿ ನಿಮ್ಮ ಲಗೇಜು ಕೊನೆಯ ಊರಿಗೇ ಹೋಗುತ್ತದೆ. ದುಬೈ, ದೋಹಾದಂಥ ಕಡೆ ನಿಲ್ದಾಣದ ಒಳಗೇ ಉಳಿದು ವಿಮಾನ ಬದಲಿಸಿದರೆ ವೀಸಾ ಬೇಡ. ಆದರೆ ನಾಲ್ಕು ಕಾಸು ಉಳಿಯುತ್ತದೆಂದು ಎರಡು ಟಿಕೆಟ್ ಬೇರೆ ಬೇರೆ ತೆಗೆದರೆ ಲೆಕ್ಕ ಬದಲಾಗುತ್ತದೆ. ಲಗೇಜು ತೆಗೆದುಕೊಳ್ಳಲು ಇಮಿಗ್ರೇಷನ್ ದಾಟಿ ಹೊರಗೆ ಬರಬೇಕು, ಅಂದರೆ ಆ ದೇಶದ ವೀಸಾ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾವ ಕಂಪನಿಯೂ ಹೊಣೆ ಹೊರುವುದಿಲ್ಲ. ವಯಸ್ಸಾದವರು ಒಬ್ಬರೇ ಹೋಗುವುದಾದರೆ ಈ ಉಳಿತಾಯ ಬೇಡವೇ ಬೇಡ.

ಇನ್ನೊಂದು ಮಾತು. ಬಾಣಂತಿಗೆಂದು ಕಟ್ಟುವ ಅಂಟಿನ ಉಂಡಿಗೆ ನಮ್ಮ ಕಡೆ ಗಸಗಸೆ ಹಾಕುತ್ತಾರೆ, ಅಲ್ವಾ? ದುಬೈ ಇರುವ ಯುಎಇ ದೇಶದಲ್ಲಿ ಗಸಗಸೆಗೆ ನಿಷೇಧವಿದೆ, ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸುತ್ತಾರೆ. ದುಬೈನಲ್ಲಿ ಲಗೇಜಿನೊಂದಿಗೆ ಹೊರಬರುವ ಸಂದರ್ಭವಿದ್ದರೆ ಗಸಗಸೆ ಬಿಟ್ಟೇ ಉಂಡಿ ಕಟ್ಟಿ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ನಡುವಿನ ತಪಾಸಣೆಯಲ್ಲಿ ತೆಗೆದುಬಿಡುತ್ತಾರೆ. ಮಾತ್ರೆಗಳ ಜೊತೆ ವೈದ್ಯರ ಚೀಟಿ ಇರಲಿ.

ಅಮೆರಿಕದಲ್ಲಿ ಒಳಗೇ ಉಳಿದು ವಿಮಾನ ಬದಲಿಸುವ ವ್ಯವಸ್ಥೆಯೇ ಇಲ್ಲ. ಮೆಕ್ಸಿಕೋಗೆ ಹೋಗುವವರು ನ್ಯೂಯಾರ್ಕ್‌ನಲ್ಲಿ ಎರಡು ತಾಸು ನಿಂತರೂ ಅಮೆರಿಕದ ವೀಸಾ ಬೇಕು. ಅಮೆರಿಕದ ಒಳಗೇ ಇನ್ನೊಂದು ಊರಿಗೆ ಹೋಗುವವರೂ ಮೊದಲು ಇಳಿದ ಊರಲ್ಲಿ ಲಗೇಜು ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಇಂಗ್ಲಿಷ್ ಬಾರದ ಅಮ್ಮಂದಿರಿಗೆ ಇದನ್ನು ಮೊದಲೇ ಹೇಳಿಡಿ. ವೀಲ್‌ಚೇರ್ ಸೇವೆ ಕೇಳಿಕೊಂಡರೆ ಜೊತೆಗೊಬ್ಬರು ಇರುತ್ತಾರೆ. ಲಂಡನ್ ಮೂಲಕ ಹೋಗುವ ಭಾರತೀಯರಿಗೆ ಟ್ರಾನ್ಸಿಟ್ ವೀಸಾ, ಅಂದರೆ ನಡುವೆ ವಿಮಾನ ಬದಲಿಸುವುದಕ್ಕೆಂದೇ ಕೊಡುವ ವೀಸಾ ಬೇಕು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಂಥ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದವರಿಗೆ ವಿನಾಯಿತಿ ಸಿಗುತ್ತದೆ. ಯುರೋಪಿನಲ್ಲಿ ದೇಶಕ್ಕೊಂದು ನಿಯಮ, ಅದೂ ಬದಲಾಗುತ್ತಿರುತ್ತದೆ. ಪಕ್ಕದ ಮನೆಯವರು ಹೋದ ವರ್ಷ ಹೋಗಿಬಂದರು ಅನ್ನುವುದನ್ನು ನಂಬಿ ಟಿಕೆಟ್ ತೆಗೆಯಬೇಡಿ. ಕೌಂಟರಿನವರು ನೋಡುವುದು ಟಿಮ್ಯಾಟಿಕ್ ಎಂಬ ನಿಯಮಗಳ ಪಟ್ಟಿಯನ್ನು. ಕಾಗದ ಸರಿಯಿಲ್ಲದವರನ್ನು ಕರೆದೊಯ್ದರೆ ಕಂಪನಿಗೇ ದಂಡ ಬೀಳುತ್ತದೆ. ಹಾಗಾಗಿ ಅಲ್ಲಿ ವಾದ ಮಾಡಿ ಗೆದ್ದವರಿಲ್ಲ.

ಇನ್ನು ಪರೀಕ್ಷೆ, ಲಸಿಕೆ. ಕೋವಿಡ್ ಪರೀಕ್ಷೆಯನ್ನು ಈಗ ಬಹುತೇಕ ದೇಶಗಳು ಕೇಳುವುದಿಲ್ಲ. ಆದರೆ ಆಗ ನಡೆದದ್ದು ತಿಳಿದಿರಲಿ. 2023ರ ಜನವರಿಯಲ್ಲಿ ಚೀನಾ, ಹಾಂಗ್‌ಕಾಂಗ್, ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ಥಾಯ್ಲೆಂಡ್‌ನಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ತರಬೇಕೆಂದು ಭಾರತ ನಿಯಮ ಮಾಡಿತು. ಆಸ್ಟ್ರೇಲಿಯಾದಿಂದ ಹೊರಟು ಸಿಂಗಪುರದಲ್ಲಿ ಸುಮ್ನೆ ವಿಮಾನ ಬದಲಿಸಿದವರೂ ಅದನ್ನು ತೋರಿಸಬೇಕಾಯಿತು. ಇಂಥ ನಿಯಮ ಮತ್ತೆ ಬಂದರೆ ಗಂಟೆ ಎಣಿಸುವುದು ಎಲ್ಲಿಂದ ಎಂದು ಮೊದಲು ಕೇಳಿ: ಸ್ಯಾಂಪಲ್ ಕೊಟ್ಟ ಹೊತ್ತಿನಿಂದಲೋ, ವರದಿ ಬಂದ ಹೊತ್ತಿನಿಂದಲೋ, ಮೊದಲ ವಿಮಾನಕ್ಕೋ, ಎರಡನೆಯದಕ್ಕೋ.

ಇವತ್ತಿಗೂ ಜನ ಸಿಕ್ಕಿಬೀಳುವುದು ಸೊಳ್ಳೆಯಿಂದ ಹರಡುವ ಯೆಲ್ಲೋ ಫೀವರ್ ಎಂಬ ಜ್ವರದ ಲಸಿಕೆಯ ವಿಷಯದಲ್ಲಿ. ಇಥಿಯೋಪಿಯಾ, ಕೀನ್ಯಾ ಆ ರೋಗದ ಪಟ್ಟಿಯಲ್ಲಿವೆ. ಅಲ್ಲಿಂದ ಹೊರಟು 6 ದಿನದೊಳಗೆ ಭಾರತಕ್ಕೆ ಬರುವವರು ಲಸಿಕೆಯ ಹಳದಿ ಪುಸ್ತಕ ತೋರಿಸಬೇಕು, ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇರಿಸಬಹುದು. ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವವರಿಗೂ ಇದು ತಟ್ಟಬಹುದು. ನಿಲ್ದಾಣ ಬಿಟ್ಟು ಹೊರಗೇ ಹೋಗದವರಿಗೆ ವಿನಾಯಿತಿ ಇದೆ, ಆದರೆ ಅದನ್ನು ಒಪ್ಪಬೇಕಾದವರು ಇಲ್ಲಿನ ಆರೋಗ್ಯ ಅಧಿಕಾರಿ. ಬೋರ್ಡಿಂಗ್ ಪಾಸುಗಳನ್ನು ಎಸೆಯಬೇಡಿ. ಕಂಪನಿಯವರು ಹೋಟೆಲಿನಲ್ಲಿ ರಾತ್ರಿ ಉಳಿಸಿದರೆ ನೀವು ಹೊರಗೆ ಹೋದಂತೆಯೇ. ಲಸಿಕೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಹೈದರಾಬಾದಿನ ನಾರಾಯಣಗುಡದಲ್ಲಿ ಒಂದಿದೆ. ಪಾಸ್‌ಪೋರ್ಟ್ ಒಯ್ಯಿರಿ, ದಿನ ಕೇಳಿಕೊಂಡೇ ಹೋಗಿ. ಹಾಕಿಸಿಕೊಂಡು 10 ದಿನ ಕಳೆದ ಮೇಲೆ ಪ್ರಮಾಣಪತ್ರಕ್ಕೆ ಬೆಲೆ. ಆಮೇಲೆ ಜೀವನಪರ್ಯಂತ ನಡೆಯುತ್ತದೆ.

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ ಎರಡು. ಬಳ್ಳಾರಿ, ಹೊಸಪೇಟೆ, ಕೊಪ್ಪಳದವರಿಗೆ ಬೆಂಗಳೂರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಇದೆ. ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್ ದೇವನಹಳ್ಳಿ ನಿಲ್ದಾಣಕ್ಕೆ ಹೋಗುತ್ತದೆ. ರೈಲು ತಡವಾಗುವುದುಂಟು, ಬೆಳಗಿನ ವಿಮಾನವಿದ್ದರೆ ಹಿಂದಿನ ದಿನವೇ ಬೆಂಗಳೂರು ಸೇರಿ. ರಾಯಚೂರು ಕಡೆಯವರಿಗೆ ಹೈದರಾಬಾದ್ ಹತ್ತಿರ. ಮಹಬೂಬ್‌ನಗರದ ಮೇಲೆ ಹೋಗುವ ರಸ್ತೆಯಲ್ಲಿ ನಗರಕ್ಕಿಂತ ಮೊದಲೇ ವಿಮಾನ ನಿಲ್ದಾಣವಿರುವ ಶಂಶಾಬಾದ್ ಸಿಗುತ್ತದೆ, ಅಲ್ಲೇ ಇಳಿದುಬಿಡಿ.